ನಾಲ್ಕನೆಯ ಕೈ

ಇಪ್ಪತ್ತೆಂಟು ಆಡುವುದಕ್ಕೆ ನಾಲ್ಕು ಜನ ಬೇಕು. ಮೂವರಿದ್ದರೆ ಆಟ ಕೂಡುವುದಿಲ್ಲ, ಐವರಿದ್ದರೆ ಒಬ್ಬರು ಸುಮ್ಮನೆ ನೋಡುತ್ತ ಕೂರಬೇಕು. ಮಂಡ್ಯದ ನಮ್ಮ ಮನೆಯಲ್ಲಿ ಸರಿಯಾಗಿ ಐದು ಜನ ಇದ್ದೆವು. ಸುಮ್ಮನೆ ನೋಡುತ್ತ ಕೂರುವವಳು ನಾನು. ಭಾನುವಾರ ಊಟವಾಗಿ, ಅವ್ವ ಮುದ್ದೆ ಪಾತ್ರೆಗೆ ನೀರು ಹುಯ್ದು ಬರುವಷ್ಟರಲ್ಲಿ ಅಜ್ಜಿ ನಡುಮನೆಯಲ್ಲಿ ಜಮಖಾನ ಹಾಸಿ, ಬಿಸ್ಕತ್ತಿನ ಡಬ್ಬದಿಂದ ಇಸ್ಪೀಟು ಕಟ್ಟು ತೆಗೆದು, ಎರಡರಿಂದ ಆರರವರೆಗಿನ ಎಲೆಗಳನ್ನೆಲ್ಲ ಬೇರೆ ಮಾಡಿ ಪಕ್ಕಕ್ಕಿಟ್ಟಿರುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ತನ್ನೂರು ಪೂರಿಗಾಲಿಯ ಹೊಲವನ್ನು ಪಾಲಿಗೆ ಕೊಟ್ಟು ಮಗನ ಜೊತೆ ಇರಲು ಬಂದವಳು. ಒಂದಕ್ಷರ ಓದಲು ಬಾರದು, ಆದರೆ ಎದುರಿನವರ ಕೈಯಲ್ಲಿ ಯಾವ ಎಲೆ ಉಳಿದಿದೆ ಎಂದು ಹೇಳಬಲ್ಲಳು. ಅವಳ ಎದುರಿಗೆ, ಅವಳ ಜೊತೆಗಾರನಾಗಿ ಅಪ್ಪ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಅವನು ಬಿಚ್ಚಿಟ್ಟ ಅಂಗಿಯಿಂದ ಮನೆಯೆಲ್ಲ ಕಾಕಂಬಿಯ ವಾಸನೆ ಹರಡುತ್ತಿತ್ತು. ಇನ್ನೊಂದು ಜೋಡಿ ಅವ್ವ ಮತ್ತು ಚಿಕ್ಕಪ್ಪ. ಚಿಕ್ಕಪ್ಪ ಮರಿಸ್ವಾಮಿ ಮದ್ದೂರಿನ ಆಚೆ ಕೊಕ್ಕರೆ ಬೆಳ್ಳೂರಿನಲ್ಲಿ ಸ್ಕೂಲ್ ಮೇಷ್ಟ್ರು. ವಾರವೆಲ್ಲ ಅಲ್ಲೇ ಇದ್ದು, ಶನಿವಾರ ಬಸ್ಸು ಹಿಡಿದು ಬರುತ್ತಿದ್ದ.

ಆ ಆಟ ನನಗೆ ಮೊದಲ ದಿನದಿಂದಲೇ ಅರ್ಥವಾಗಲಿಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ನಾಲ್ಕು ಬಣ್ಣ ಸೇರಿ ಇಪ್ಪತ್ತೆಂಟು. ರಾಜನಿಗೂ ರಾಣಿಗೂ ಒಂದು ಕಾಳಿನಷ್ಟೂ ಬೆಲೆಯಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಒಂಬತ್ತಕ್ಕಿಂತ ಹತ್ತು ದೊಡ್ಡದು ಎಂದು ಬಾಯಿಪಾಠ ಮಾಡಿ ಬಂದವಳಿಗೆ ಇದು ಹೇಗೆ ತಲೆಗೆ ಹೋಗಬೇಕು?

“ಅಜ್ಜಿ, ಹತ್ತು ದೊಡ್ಡದಲ್ವಾ?”

“ಅದು ನಿಮ್ ಸ್ಕೂಲ್ನಲ್ಲಿ ಕಣೆ. ಇದು ನಮ್ಮನೆ.”

“ರಾಜನಿಗೆ ಯಾಕೆ ಏನೂ ಇಲ್ಲ?”

“ರಾಜ ಕುಂತ್ಕಂಡು ಉಣ್ತಾನೆ. ಗುಲಾಮ ಗೇಯ್ತಾನೆ. ಗೇಯೋನ್ಗೆ ಬೆಲೆ.”

ಮೊದಲು ಒಬ್ಬೊಬ್ಬರಿಗೆ ನಾಲ್ಕೇ ಎಲೆ ಹಾಕುತ್ತಾರೆ. ಅಷ್ಟನ್ನೇ ನೋಡಿಕೊಂಡು ಕೂಗಬೇಕು: ಹದಿನಾಲ್ಕು, ಹದಿನೈದು, ಹದಿನಾರು, ಇಷ್ಟು ನಾವು ಮಾಡುತ್ತೇವೆ ಎಂದು. ಹೆಚ್ಚು ಕೂಗಿದವರು ತಮ್ಮ ಕೈಯಿಂದ ಒಂದು ಎಲೆಯನ್ನು ತೆಗೆದು ಮುಖ ಕೆಳಗೆ ಮಾಡಿ ಇಡಬೇಕು. ಅದು ತುರುಫು. ಅದರ ಬಣ್ಣದ ಚಿಕ್ಕ ಎಲೆ ಕೂಡ ಬೇರೆ ಬಣ್ಣದ ಗುಲಾಮನನ್ನು ಹೊಡೆಯುತ್ತದೆ. ಆದರೆ ಅದು ಯಾವ ಬಣ್ಣ ಎಂದು ಇಟ್ಟವರನ್ನು ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ, ಜೊತೆಗಾರನಿಗೂ ಗೊತ್ತಿರುವುದಿಲ್ಲ. ನನ್ನನ್ನು ಹೆಚ್ಚು ಗೋಳಾಡಿಸಿದ್ದು ಇದೇ. ಜೊತೆಗಾರ ನಮ್ಮವನಲ್ಲವೇ? ನಮ್ಮವನಿಗೆ ಹೇಳಬಾರದು ಎಂದರೆ ಏನರ್ಥ? ಕಣ್ಣು ಮಿಟುಕಿಸಬಾರದು, ಕೆಮ್ಮಬಾರದು, ಗಂಟಲು ಸರಿಮಾಡಿಕೊಳ್ಳಬಾರದು. ಒಮ್ಮೆ ಅಪ್ಪ ಸುಮ್ಮನೆ ಕಿವಿ ಕೆರೆದುಕೊಂಡದ್ದಕ್ಕೆ ಅಜ್ಜಿ, ಅವನು ತನ್ನದೇ ಜೊತೆಗಾರ ಎಂಬುದನ್ನೂ ನೋಡದೆ, ಎಲೆಗಳನ್ನೆಲ್ಲ ಕಲಸಿಹಾಕಿದ್ದಳು. ಸೋತ ಜೋಡಿ ಬೀದಿ ನಲ್ಲಿಯಿಂದ ಸಂಜೆಯ ನೀರು ಹೊತ್ತು ತರಬೇಕು. ಅಪ್ಪ ಕೊಡ ಹೊತ್ತು ಬರುವುದನ್ನು ನೋಡಲೆಂದೇ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ವಾರದ ಆರು ದಿನ ಅಕ್ಕಿ ಎಷ್ಟು ಪಾವು ಹಾಕಲಿ ಎಂದು ಅಜ್ಜಿಯನ್ನು ಕೇಳಿ ಒಲೆ ಹಚ್ಚುತ್ತಿದ್ದ ಅವ್ವ, ಭಾನುವಾರ ಮಾತ್ರ ನೆಟ್ಟಗೆ ಕೂತು, “ತುರುಫು ತೆಗೀರಿ ಅತ್ತೆ” ಎಂದು ಗದರುವ ಹಾಗೆ ಹೇಳುತ್ತಿದ್ದಳು. ಅಜ್ಜಿಗೆ ಅದು ಇಷ್ಟವಾಗುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಹೇಗೆ ಇಷ್ಟವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಗುರುವಾರ ಅವ್ವ ನನ್ನನ್ನು ಸ್ಕೂಲಿಗೆ ಕಳಿಸಲಿಲ್ಲ. ಹಲ್ಲು ತೋರಿಸಬೇಕು ಎಂದು ಮದ್ದೂರಿನ ಬಸ್ಸು ಹತ್ತಿಸಿದಳು. ನನ್ನ ಹಲ್ಲಿಗೆ ಏನೂ ಆಗಿರಲಿಲ್ಲ. ಹಾಗೆಂದು ಹೇಳಿದರೆ, “ಸುಮ್ನಿರು, ಒಳಗೊಳಗೇ ಆಗಿರ್ತದೆ” ಎಂದಳು. ಮದ್ದೂರಿನಲ್ಲಿ ಇಳಿದು ನಾವು ಹೋದದ್ದು ಡಾಕ್ಟರ ಹತ್ತಿರಕ್ಕಲ್ಲ, ಒಂದು ಆಫೀಸಿಗೆ. ಅಲ್ಲಿ ಬೆಂಚಿನ ಮೇಲೆ ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಹಸಿರು ಸೀರೆಯ ಒಬ್ಬಳು ಹೆಂಗಸು. ಎಡಗೈಗೆ ಬಳೆಯ ಬದಲು ವಾಚು ಕಟ್ಟಿದ್ದಳು. ಅವಳೂ ಅದೇ ಸ್ಕೂಲಿನಲ್ಲಿ ಮೇಡಂ, ಹೆಸರು ಸುಲೋಚನಾ ಎಂದು ಅವ್ವ ಹೇಳಿದಳು. ಮೇಜಿನ ಹಿಂದಿದ್ದವರು ಒಂದು ದೊಡ್ಡ ಪುಸ್ತಕ ತಿರುಗಿಸಿ ಕೊಟ್ಟರು. ಚಿಕ್ಕಪ್ಪ ಬರೆದ, ಆ ಮೇಡಂ ಬರೆದರು, ಇನ್ನಿಬ್ಬರು ಯಾರೋ ಮೇಷ್ಟ್ರುಗಳು ಬರೆದರು, ಆಮೇಲೆ ಅವ್ವ ಬರೆದಳು. ಅವ್ವ ಸಹಿ ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಂದೊಂದೇ ಅಕ್ಷರವನ್ನು, ರಂಗೋಲಿಯ ಎಳೆ ಎಳೆಯುವಂತೆ, ಉಸಿರು ಬಿಗಿಹಿಡಿದು ಬರೆದಳು. ಹೊರಗೆ ಬಂದು ಎರಡು ಹಾರ ಬದಲಾಯಿಸಿಕೊಂಡರು. ಕಾಗದದಲ್ಲಿ ಕಟ್ಟಿದ ವಡೆ ತಿಂದೆವು.

“ಅವ್ವ, ಇದು ಮದ್ವೇನಾ?”

“ಮದ್ವೆ ಕಾಗದ ಕಣೆ.”

“ಮತ್ತೆ ಮದ್ವೆ ಯಾವಾಗ?”

ವಾಲಗ ಇಲ್ಲ, ಚಪ್ಪರ ಇಲ್ಲ, ಎಲೆ ಹಾಸಿ ಊಟ ಇಲ್ಲ. ಅಜ್ಜಿ ಇಲ್ಲ, ಅಪ್ಪ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

“ಅಜ್ಜಿ ಕೇಳಿದ್ರೆ ಹಲ್ಲು ತೋರ್ಸಕ್ಕೆ ಹೋಗಿದ್ವಿ ಅನ್ನು. ಅಪ್ಪ ಕೇಳಿದ್ರೂ ಅದೇ. ಆ ಹುಡುಗಿ ನಮ್ಮೋರಲ್ಲ. ಗೊತ್ತಾದ್ರೆ ಮನೆ ಒಡೆದುಹೋಗ್ತದೆ.”

ನಮ್ಮೋರಲ್ಲ ಎಂದರೆ ಏನೆಂದು ನಾನು ಮನೆ ತಲುಪುವವರೆಗೂ ಯೋಚಿಸಿದೆ. ಆ ಮೇಡಂ ನಮ್ಮ ಹಾಗೇ ಮಾತಾಡಿದ್ದರು, ನನ್ನ ವಡೆಯ ಚೂರು ಸೀರೆಯ ಮೇಲೆ ಬಿದ್ದರೆ ನಕ್ಕಿದ್ದರು. ಮನೆ ಒಡೆಯುವುದು ಎಂದರೆ ಗೋಡೆಯೋ, ಹೆಂಚೋ ಎಂದೂ ಗೊತ್ತಾಗಲಿಲ್ಲ.

ಆ ಭಾನುವಾರ ಚಿಕ್ಕಪ್ಪ ಬರಲಿಲ್ಲ. ಸ್ಕೂಲಿನಲ್ಲಿ ಏನೋ ಲೆಕ್ಕ ಕಳಿಸುವ ಕೆಲಸವಂತೆ ಎಂದು ಅವ್ವ ಹೇಳಿದಳು. ಅಜ್ಜಿ ಜಮಖಾನದ ಖಾಲಿ ಜಾಗವನ್ನು ನೋಡಿ, ನನ್ನ ಕಡೆ ತಿರುಗಿ, “ಬಾ ಇಲ್ಲಿ, ಕುಂತ್ಕೋ. ಇವತ್ತಿಂದ ನೀನೇ ನಾಕ್ನೇ ಕೈ” ಎಂದಳು. ಎಂಟು ಎಲೆ ಹಿಡಿಯಲು ನನ್ನ ಕೈ ಸಾಲುತ್ತಿರಲಿಲ್ಲ. ಒಂದನ್ನು ಜೋಡಿಸಿದರೆ ಇನ್ನೊಂದು ಜಾರಿ ಬೀಳುತ್ತಿತ್ತು. ಅವ್ವನ ಗುಲಾಮನನ್ನೇ ನಾನು ತುರುಫಿನಿಂದ ಹೊಡೆದೆ. ಅವ್ವ ಹಣೆ ಚಚ್ಚಿಕೊಂಡಳು. ಆಟದ ನಡುವೆ ಅಜ್ಜಿ ಎಲೆ ಕಲಸುತ್ತ ಕೇಳಿದಳು:

“ಗುರ್ವಾರ ಎಲ್ಲಿಗ್ ಓಗಿದ್ರಿ?”

“ಹಲ್ಲು ತೋರ್ಸಕ್ಕೆ.”

“ಆ ಅನ್ನು.”

ನಾನು ಬಾಯಿ ತೆಗೆದೆ. ಅಜ್ಜಿ ಎಲೆ ಕೆಳಗಿಟ್ಟು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ತೋರುಬೆರಳು ಹಾಕಿ ಒಂದೊಂದೇ ಹಲ್ಲನ್ನು ಅಲ್ಲಾಡಿಸಿ ನೋಡಿದಳು. ಎಲ್ಲ ಕಲ್ಲಿನ ಹಾಗೆ ಗಟ್ಟಿ. ಅವ್ವ ಪಕ್ಕಕ್ಕಿಟ್ಟಿದ್ದ ಚಿಕ್ಕ ಎಲೆಗಳನ್ನು ಎತ್ತಿಕೊಂಡು ಜೋಡಿಸುತ್ತ ಕೂತಿದ್ದಳು. ಅಜ್ಜಿ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡು, “ಡಾಕ್ಟ್ರು ಒಳ್ಳೇವ್ನೇ ಇರಬೇಕು, ಗುರ್ತೇ ಇಲ್ದಂಗೆ ವಾಸಿ ಮಾಡವ್ನೆ” ಎಂದು ಎಲೆ ಹಾಕಲು ಶುರುಮಾಡಿದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ ನನಗೆ ಹೊಳೆಯಲಿಲ್ಲ. ಅದು ನನ್ನ ಬದುಕಿನ ಮೊದಲ ಸುಳ್ಳು. ಹೇಳಿದ ಮೇಲೆ ಏನಾದರೂ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ನಾವು ಸೋತು, ಅವ್ವನ ಜೊತೆ ನಾನು ಸಣ್ಣ ಬಿಂದಿಗೆ ಹಿಡಿದು ನಲ್ಲಿಗೆ ಹೋದೆ.

ಶಿವರಾತ್ರಿಯ ಆಸುಪಾಸಿನಲ್ಲಿ, ವಾರದ ರಜೆ ಇದ್ದ ಒಂದು ದಿನ ಅಪ್ಪ, “ಬಾರೆ ಜಯಿ, ಕೊಕ್ಕರೆ ತೋರಿಸ್ತೀನಿ” ಎಂದ. ಅಪ್ಪ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವವನಲ್ಲ. ಬಸ್ಸಿಳಿದು ನಡೆದು ಕೊಕ್ಕರೆ ಬೆಳ್ಳೂರು ತಲುಪಿದಾಗ ಊರಿನ ಹುಣಸೆಮರಗಳ ಮೇಲೆಲ್ಲ ಹಕ್ಕಿ. ಮನೆಗಳ ನಡುವೆಯೇ ಮರ, ಮರದ ತುಂಬ ಗೂಡು, ಕೆಳಗೆ ಬಿಳಿ ಹಿಕ್ಕೆ, ಕೊಳೆತ ಮೀನಿನ ನಾತ. ಉದ್ದ ಕೊಕ್ಕು ತಟತಟ ಬಡಿಯುವ ಸದ್ದು. ನಾನು ತಲೆ ಎತ್ತಿ ನೋಡುತ್ತಿರುವಾಗ ಅಪ್ಪ ಒಂದು ಹೆಂಚಿನ ಮನೆಯ ಬಾಗಿಲು ತಟ್ಟಿದ. ತೆಗೆದದ್ದು ಆ ವಾಚಿನ ಮೇಡಂ. ನನ್ನನ್ನು ನೋಡಿ ಗುರುತು ಹಿಡಿದು ಬಾಯಿ ತೆಗೆದವರು, ಅಪ್ಪನ ಮುಖ ನೋಡಿ ಮುಚ್ಚಿಕೊಂಡರು. ನಾನೂ ಮೊದಲ ಸಲ ನೋಡುವವಳ ಹಾಗೆ ನಿಂತೆ. ಅಪ್ಪನಿಗೆ ತಮ್ಮನ ಸುದ್ದಿ ಕಾರ್ಖಾನೆಯಲ್ಲಿ ಯಾರಿಂದಲೋ ತಿಳಿದಿತ್ತಂತೆ. ಬೈಯಲೆಂದೇ ಬಂದಿದ್ದನೋ ಏನೋ, ಒಳಗೆ ಹೋದವನು ತಮ್ಮನ ಮುಖ ನೋಡಿ ಚಾಪೆಯ ಮೇಲೆ ಕೂತುಬಿಟ್ಟ. ಚಿಕ್ಕಮ್ಮ, ಅಷ್ಟು ಹೊತ್ತಿಗೆ ನನಗೆ ಅವರು ಚಿಕ್ಕಮ್ಮ ಎಂಬುದು ಖಾತ್ರಿಯಾಗಿತ್ತು, ಮುದ್ದೆ ಮಾಡಿ ಬಸ್ಸಾರು ಬಡಿಸಿದರು. ಅಪ್ಪ ಎರಡು ಮುದ್ದೆ ಉಂಡು, ಸಾರನ್ನು ಬೆರಳಲ್ಲಿ ಬಳಿದು ನೆಕ್ಕಿದ. ಬಸ್ಸಿಗೆ ಕಾಯುವಾಗ ನನಗೆ ಹೇಳಿದ:

“ಮನೇಲಿ ಕೊಕ್ಕರೆ ನೋಡಿದ್ವಿ ಅಂತ ಮಾತ್ರ ಯೋಳು. ಅಜ್ಜಿಗೆ ತಿಳಿದ್ರೆ ಎದೆ ಒಡ್ಕತದೆ. ನಿಮ್ಮವ್ವಂಗಂತೂ ಬ್ಯಾಡ್ವೇ ಬ್ಯಾಡ, ಅವಳ ಬಾಯಲ್ಲಿ ಮಾತು ನಿಲ್ಲಲ್ಲ.” ಬಸ್ಸು ಕಾಣಿಸಿದ ಮೇಲೆ, “ಸಾರಿನ ವಿಸ್ಯವಂತೂ ಎತ್ತಲೇಬ್ಯಾಡ” ಎಂದ.

ಅವ್ವನ ಬಾಯಲ್ಲಿ ಮಾತು ಎಷ್ಟು ಚೆನ್ನಾಗಿ ನಿಂತಿದೆ ಎಂದು ನಾನು ಅಪ್ಪನಿಗೆ ಹೇಗೆ ಹೇಳಲಿ? ಹೇಳಿದರೆ ಅವ್ವನಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಅಪ್ಪನಿಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಭಾನುವಾರ ಆಟಕ್ಕೆ ಕೂತರೆ ಎದುರಿಗೆ ಅವ್ವ, ಎಡಬಲದಲ್ಲಿ ಅಪ್ಪ, ಅಜ್ಜಿ. ಯಾರ ಕಡೆ ನೋಡಿದರೂ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ಎಲೆಗಳನ್ನೇ ನೋಡುತ್ತ ಕೂತೆ. ಹಾಗಾಗಿ ಆಟ ಸ್ವಲ್ಪ ಚೆನ್ನಾಗಿ ಬರತೊಡಗಿತು.

ಬೇಸಿಗೆ ರಜೆ ಶುರುವಾದ ವಾರ ಅಜ್ಜಿ ಪೂರಿಗಾಲಿಗೆ ಹೋಗಿ ರಾಗಿ ನೋಡಿಕೊಂಡು ಬರಬೇಕು, ಜೊತೆಗೆ ಜಯಿ ಬರಲಿ ಎಂದಳು. ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಹತ್ತುತ್ತೇವೆ ಎಂದುಕೊಂಡಿದ್ದ ನನ್ನನ್ನು ಕೈಹಿಡಿದು ಇನ್ನೊಂದು ಬಸ್ಸಿಗೆ ಎಳೆದುಕೊಂಡು ಹೋದಳು. ಬಸ್ಸಿಳಿದು ನಡೆಯುತ್ತಿದ್ದ ಹಾಗೆ ಹಕ್ಕಿಯ ನಾತ ಬಂತು. ಅಜ್ಜಿಗೆ ಈ ದಾರಿ ಯಾರು ಹೇಳಿದರೋ, ನಾನಂತೂ ಹೇಳಿರಲಿಲ್ಲ. ಅಜ್ಜಿ ಮನೆಯೊಳಕ್ಕೆ ಹೋಗಲಿಲ್ಲ. ಜಗಲಿಯ ತುದಿಯಲ್ಲಿ ಕೂತಳು. ಚಿಕ್ಕಪ್ಪ ಬಂದು ಕಂಬ ಹಿಡಿದು ನಿಂತ; ಅವನ ಕಣ್ಣಲ್ಲಿ ನೀರು. ಚಿಕ್ಕಮ್ಮ ಲೋಟದಲ್ಲಿ ನೀರು ತಂದಿಟ್ಟರು. ಅಜ್ಜಿ ಅದನ್ನು ಮುಟ್ಟಲಿಲ್ಲ. ಆದರೆ ಚಿಕ್ಕಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿದಳು:

“ಎಷ್ಟ್ ತಿಂಗಳು?”

“ಈಗ ಎರಡು.”

“ವಾಂತಿ ಅದಾ?”

“ಬೆಳಿಗ್ಗೆ ಹೊತ್ತು.”

“ಈ ಅಕ್ಕಿ ನಾತದಲ್ಲಿ ಇನ್ನೇನಾಯ್ತದೆ” ಎಂದು ಮರದ ಕಡೆ ನೋಡಿ, ಹಕ್ಕಿಗಳ ಮೇಲೆ ಸಿಟ್ಟು ಬಂದವಳ ಹಾಗೆ ಎದ್ದು ನಿಂತಳು. ಚಿಕ್ಕಮ್ಮ ಕಾಲಿಗೆ ಬೀಳಲು ಬಗ್ಗಿದರೆ, “ಬಗ್ಬ್ಯಾಡ, ಬಗ್ಬ್ಯಾಡ” ಎಂದು ಹಿಂದೆ ಸರಿದಳು. ಮುಟ್ಟಿಸಿಕೊಳ್ಳಬಾರದು ಎಂದೋ, ಬಸುರಿ ಬಗ್ಗಬಾರದು ಎಂದೋ, ನನಗೆ ತಿಳಿಯಲಿಲ್ಲ. ಚಿಕ್ಕಮ್ಮನಿಗೂ ತಿಳಿಯಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಬಸ್ಸಿನಲ್ಲಿ ಅಜ್ಜಿ ಹೇಳಿದಳು:

“ಪೂರಿಗಾಲಿಗೆ ಓಗಿದ್ವಿ ಅನ್ನು.”

“ಅಜ್ಜಿ, ನಿಂಗೆ ಗೊತ್ತು ಅಂತ ಅವ್ವಂಗೆ ಯಾಕೆ ಯೋಳಬಾರ್ದು?”

“ಗೊತ್ತು ಅಂದ್ರೆ ಕ್ವಾಪ ಮಾಡ್ಕಬೇಕಾಯ್ತದೆ ಕಣೆ. ಗೊತ್ತಿಲ್ಲ ಅಂದ್ರೆ ಓಗಿ ಮಕ ನೋಡ್ಕಂಡು ಬರ್ಬೋದು.”

ಇಷ್ಟು ವರ್ಷಗಳ ಮೇಲೆ ಬರೆಯುವಾಗ ಆ ಮಾತು ಎಷ್ಟು ಸ್ಪಷ್ಟವಾಗಿದೆ! ಒಂಬತ್ತು ವರ್ಷದವಳಿಗೆ ಅದು ಹತ್ತಕ್ಕಿಂತ ಒಂಬತ್ತು ದೊಡ್ಡದು ಎಂದ ಹಾಗೇ ಕೇಳಿಸಿತು. ನನಗೆ ಗೊತ್ತಿದ್ದದ್ದು ಇಷ್ಟೇ: ಮನೆಯಲ್ಲಿ ಮೂರು ಜನ ದೊಡ್ಡವರು, ಮೂವರಿಗೂ ಒಂದೇ ಸಂಗತಿ ಗೊತ್ತು. ಒಬ್ಬರಿಂದ ಒಬ್ಬರು ಅದನ್ನೇ ಬಚ್ಚಿಡುತ್ತಿದ್ದಾರೆ. ಮೂವರೂ ಬಚ್ಚಿಟ್ಟಿರುವುದು ನನ್ನಲ್ಲಿ. ನಾನು ಅನ್ನ ಬಿಟ್ಟೆ. ಯಾವ ಮಾತು ಯಾರ ಮುಂದೆ ಆಡಬಾರದು ಎಂದು ನೆನಪಿಟ್ಟುಕೊಳ್ಳಲಾಗದೆ ಮಾತನ್ನೂ ಕಡಿಮೆ ಮಾಡಿದೆ. ಅವ್ವ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳು.

ಮೇ ತಿಂಗಳ ಒಂದು ಭಾನುವಾರ. ಸೆಖೆಗೆ ಹೆಂಚು ಕಾಯುತ್ತಿತ್ತು. ನನ್ನ ಕೈಗೆ ಮೊದಲ ನಾಲ್ಕರಲ್ಲೇ ಆಟೀನ್ ಗುಲಾಮ, ಆಟೀನ್ ಒಂಬತ್ತು ಬಂದಿದ್ದವು. ಹದಿನೆಂಟು ಕೂಗಿದೆ. ಅಪ್ಪ ಹುಬ್ಬೇರಿಸಿದ. ತುರುಫು ಎಲೆಯನ್ನು ಮೊಣಕಾಲ ಕೆಳಗೆ ಇಟ್ಟುಕೊಂಡೆ. ಅವತ್ತು ನಾವೇ ಗೆಲ್ಲುತ್ತಿದ್ದೆವು. ಅಜ್ಜಿ ಉಳಿದ ಎಲೆ ಹಾಕುತ್ತ ನಿಟ್ಟುಸಿರು ಬಿಟ್ಟಳು.

“ಮರಿಸ್ವಾಮಿ ಇದ್ದಿದ್ರೆ ಆಟ ಆಟದಂಗಿರ್ತಿತ್ತು. ಏನ್ ಕೆಲ್ಸವೋ ಅವಂಗೆ, ನಾಕ್ ತಿಂಗಳಿಂದ.”

“ಸ್ಕೂಲ್ನಲ್ಲಿ ಬಿಡುವಿಲ್ವಂತೆ ಅತ್ತೆ” ಎಂದಳು ಅವ್ವ.

“ಕಾಗ್ದ ಬರೆದಿದ್ದ ಯವ್ವ. ಚೆನ್ನಾಗವ್ನಂತೆ” ಎಂದ ಅಪ್ಪ.

“ಕಣ್ಣಲ್ಲಿ ಕಾಣ್ದೆ ಎಷ್ಟ್ ದಿನ ಆಯ್ತು” ಎಂದಳು ಅಜ್ಜಿ.

ಹೇಳಿ ಮುಗಿಸಿದ ಕೂಡಲೇ ಮೂವರೂ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ನನ್ನ ಕಡೆ ನೋಡಿದರು. ಮೂರು ಜೊತೆ ಕಣ್ಣಿನಲ್ಲೂ ಒಂದೇ ಮಾತು: ಸುಮ್ಮನಿರು. ನನಗೆ ಏನಾಯಿತೋ ಗೊತ್ತಿಲ್ಲ. ಕೈಯಲ್ಲಿದ್ದ ಎಲೆಗಳನ್ನೆಲ್ಲ ಜಮಖಾನದ ಮೇಲೆ ಎಸೆದು ಕಿರುಚಿದೆ.

“ಎಲ್ಲಾರೂ ಓಗ್ಬಂದಿದ್ದೀರಿ! ಅವ್ವ ಮದ್ವೆಗೇ ಓಗಿ ಸಹಿ ಹಾಕವ್ಳೆ, ಅಪ್ಪ ಎಲ್ಡು ಮುದ್ದೆ ಉಂಡವ್ನೆ, ಅಜ್ಜಿ ಎಷ್ಟ್ ತಿಂಗಳು ಅಂತ ಕೇಳವ್ಳೆ! ನಂಗೆ ಮಾತ್ರ ಯಾಕೆ ಸುಮ್ನಿರು ಅಂತೀರಿ?”

ಕಾರ್ಖಾನೆಯ ಸೈರನ್ನು ಆ ಹೊತ್ತಿಗೆ ಕೂಗಿ ನಿಂತಿತು. ಆಮೇಲೆ ಎಲ್ಲರೂ ನಗುತ್ತಾರೆ ಎಂದು ನಾನು ನಿಜವಾಗಿ ನಂಬಿದ್ದೆ. ಎಲ್ಲರಿಗೂ ಗೊತ್ತಿದ್ದ ಮೇಲೆ ಇನ್ನೇನು? ಚಿಕ್ಕಪ್ಪ, ಚಿಕ್ಕಮ್ಮ ಮುಂದಿನ ಭಾನುವಾರ ಬರುತ್ತಾರೆ, ನಾನು ಮತ್ತೆ ನೋಡುತ್ತ ಕೂರಬಹುದು. ಯಾರೂ ನಗಲಿಲ್ಲ. ಅಪ್ಪ ಅವ್ವನ ಕಡೆ ತಿರುಗಿದ.

“ಸಹಿ ಹಾಕಿದ್ದು ನೀನಾ? ನಂಗೊಂದ್ ಮಾತು ಯೋಳ್ದೆ?”

“ನೀವು ಮುದ್ದೆ ಉಂಡು ಬಂದಿದ್ದು ನಂಗ್ ಯೋಳುದ್ರಾ?”

ಅಪ್ಪ ಅಜ್ಜಿಯ ಕಡೆ ನೋಡಿದ. “ಯವ್ವ, ನೀನೂ ಓಗಿದ್ಯಾ?”

ಅಜ್ಜಿ ಚೆಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಕಟ್ಟು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ನಾನ್ಯಾಕ್ ಓಗ್ಲಿ? ಕೂಸು ಏನೋ ಕನ್ಸು ಕಂಡದೆ.”

“ಇಲ್ಲ ಅಪ್ಪ, ಅಜ್ಜಿ ಜಗಲಿ ಮೇಲೆ...”

“ಸುಳ್ಳಾಡ್ಬ್ಯಾಡ ಕಣೆ!”

ಅಜ್ಜಿ ನನ್ನ ಮೇಲೆ ಹಾಗೆ ಗದರಿದ್ದು ಅದೇ ಮೊದಲು. ಸುಳ್ಳು ಹೇಳಿದ ದಿನ ನನ್ನ ಬಾಯಿಗೆ ಬೆರಳಿಟ್ಟು ಸುಮ್ಮನಾಗಿದ್ದವಳು, ನಿಜ ಹೇಳಿದ ದಿನ ನನ್ನನ್ನು ಸುಳ್ಳಿ ಎಂದಳು. ಡಬ್ಬದ ಮುಚ್ಚಳ ಒತ್ತಿ ಎದ್ದು ನಿಂತು, ಮಗನಿಗೂ ಸೊಸೆಗೂ ಸೇರಿಸಿ ಹೇಳಿದಳು:

“ಈಗ ಗೊತ್ತಾಯ್ತಲ್ಲ, ಕೇಳ್ರಿ. ಆ ಹೆಣ್ಣು ಈ ಒಸ್ಲು ತುಳೀಕೂಡ್ದು. ನೀವ್ಯಾರೂ ಆ ಕಡೆ ಕಾಲಿಕ್ಕಕೂಡ್ದು. ಇಕ್ಕುದ್ರೆ ನಾನು ಪೂರಿಗಾಲಿಗೆ ಓಯ್ತೀನಿ, ತಿರ್ಗ ಬರಕಿಲ್ಲ.”

ಅಪ್ಪ ಅದನ್ನು ತಮ್ಮನಿಗೆ ಬರೆದ. ಕಾರ್ಡಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ಕರೆಯುವವರೆಗೆ ಬರುವುದಿಲ್ಲ. ನನ್ನ ಮಾತಿನಿಂದ ಆದದ್ದು ಇಷ್ಟು. ಗುಟ್ಟಾಗಿ ಮೂವರೂ ಹೋಗಿ ನೋಡಿ ಬಂದವರ ಬಳಿಗೆ ಈಗ ಒಬ್ಬರೂ ಹೋಗದ ಹಾಗಾಯಿತು. ಅಪ್ಪ ಅವ್ವನ ಜೊತೆ ಎರಡು ತಿಂಗಳು ಮಾತು ಬಿಟ್ಟ. ಊಟಕ್ಕೆ ಕೂತು ಗೋಡೆಗೆ ಹೇಳುವ ಹಾಗೆ “ಉಪ್ಪು” ಎನ್ನುತ್ತಿದ್ದ. ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ ನಾನು ಚಾಪೆಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡೆ. ಇಸ್ಪೀಟು ಡಬ್ಬ ಅಟ್ಟ ಸೇರಿತು. ನಿಜ ಹೇಳಬೇಕು ಎಂದು ಸ್ಕೂಲಿನ ಗೋಡೆಯ ಮೇಲೆ ಬರೆದಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಅದನ್ನು ಬರೆದವರ ಮನೆಯಲ್ಲಿ ಎಷ್ಟು ಜನ ಇರಬಹುದು ಎಂದು ಯೋಚಿಸುತ್ತಿದ್ದೆ. ಬಸುರಿಗೆ ಏಳು ತುಂಬಿತು, ಬಳೆ ತೊಡಿಸಲು ಯಾರೂ ಹೋಗಲಿಲ್ಲ. ಗಂಡು ಮಗು ಆಯಿತೆಂಬ ಸುದ್ದಿ ಬಂದ ದಿನ ಅವ್ವ ಒಲೆಯ ಮುಂದೆ ಕೂತು ಹೊಗೆ ಎಂದು ಕಣ್ಣೊರೆಸಿಕೊಂಡಳು. ಅಜ್ಜಿ ಆ ದಿನ ಊಟ ಬೇಡ ಎಂದಳು. ಹೋಗಬೇಕೆಂಬ ಆಸೆ ಎಲ್ಲರಿಗೂ ಇದೆ ಎಂದು ನನಗೆ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದದ್ದನ್ನು ಹೇಳಿ ಒಮ್ಮೆ ಮನೆ ಕೆಡಿಸಿದ್ದೆನಲ್ಲ, ಬಾಯಿ ಬಿಡಲಿಲ್ಲ.

ಮಾರನೇ ವರ್ಷ ಯುಗಾದಿಗೆ ಮುಂಚೆ, ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಹೊಸಿಲ ಮೇಲೆ ನೆರಳು ಬಿತ್ತು. ಚಿಕ್ಕಮ್ಮ, ಮಗುವನ್ನು ಎತ್ತಿಕೊಂಡು. ಹಿಂದೆ ಬೀದಿಯ ಆಚೆ ಬದಿಯಲ್ಲಿ, ಲೈಟ್ ಕಂಬದ ಹತ್ತಿರ, ಚಿಕ್ಕಪ್ಪ ನಿಂತಿದ್ದ. ಕರೆಯದೆ ಬರುವುದಿಲ್ಲ ಎಂದಿದ್ದವನು, ಬರಲಿಲ್ಲ. ಚಿಕ್ಕಮ್ಮ ಮಾತ್ರ ಚಪ್ಪಲಿ ಬಿಟ್ಟು, ಹೊಸಿಲು ದಾಟಿ, ನಡುಮನೆಗೆ ಬಂದು, ನೆಲದ ಮೇಲೆ ಕೂತರು. ಅಪ್ಪ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಕೂತ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅಜ್ಜಿ ಎದ್ದು ಹಿತ್ತಲಿಗೆ ಹೋದಳು.

“ನಾನು ಈ ಮನೆಗೆ ಬರಬಾರದು ಅಂತ ನನಗೆ ಯಾರೂ ಹೇಳಿಲ್ಲ” ಎಂದರು ಚಿಕ್ಕಮ್ಮ. ಪಾಠ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. “ನೀವು ನೀವೇ ಹೇಳ್ಕೊಂಡ್ರಿ, ನೀವು ನೀವೇ ಕೇಳ್ಕೊಂಡ್ರಿ. ನೀವು ಮೂರು ಜನಾನೂ ನಮ್ಮ ಹತ್ರ ಕಳ್ಳರ ಹಾಗೆ ಬಂದ್ರಿ. ನಾನು ಹಗಲು ಹೊತ್ತು ಬಂದಿದ್ದೀನಿ. ಹೋಗು ಅಂತ ಹೇಳೋರು ನನ್ನ ಮುಖ ನೋಡಿ ಹೇಳಲಿ.”

ಅವ್ವ ಕೈ ತೊಳೆದು ಬಂದು ಮಗುವನ್ನು ಎತ್ತಿಕೊಂಡಳು. ಮಗು ಕೆಮ್ಮಿತು, ಗೊರಗೊರ ಕೆಮ್ಮು. ನಾನು ಅಲ್ಲಿ ನಿಲ್ಲಲಾಗದೆ ಹಿತ್ತಲಿಗೆ ಓಡಿದೆ. ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮನೆಗೆ ಬೆನ್ನು ಮಾಡಿ ಕೂತಿದ್ದಳು. ಹತ್ತು ತಿಂಗಳಲ್ಲಿ ಅವಳು ನನ್ನನ್ನು ಹತ್ತಿರ ಕರೆದಿರಲಿಲ್ಲ, ಈಗ ಬೆರಳಾಡಿಸಿ ಕರೆದಳು.

“ಮಗೀಗೆ ಸೀತ ಆಗದೆ ಕಣೆ. ಎದೇಲಿ ಕಫ ಕೂತದೆ, ಕೆಮ್ಮು ಕೇಳುದ್ರೆ ಗೊತ್ತಾಗಕಿಲ್ವಾ ಅವ್ಳಿಗೆ? ಓಗು, ಗೂಡಲ್ಲಿ ಬಜೆ ಅದೆ, ತೇಯ್ದು ಜೇನುತುಪ್ಪದಲ್ಲಿ ಕಲಸಿ ಕೊಡು. ನಾನ್ ಯೋಳ್ದೆ ಅನ್ಬ್ಯಾಡ.”

ಸಾಣೆಕಲ್ಲಿನ ಮೇಲೆ ಬಜೆ ತೇಯುವಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಗೊಂದಲ. ಮತ್ತೆ ಹೇಳಬೇಡ ಎಂಬ ಮಾತು. ಹೇಳಿ ಒಮ್ಮೆ ಕೆಡಿಸಿದ್ದೇನೆ. ಹೇಳದೆ ಇದ್ದದ್ದರಿಂದಲೂ ಏನೂ ಸರಿಹೋಗಲಿಲ್ಲ. ಯಾವುದು ಸರಿ ಎಂದು ಅವತ್ತೂ ಗೊತ್ತಿರಲಿಲ್ಲ, ನಿಮ್ಮಾಣೆ, ಇವತ್ತೂ ಪೂರ್ತಿ ಗೊತ್ತಿಲ್ಲ. ಮಗುವಿಗೆ ಔಷಧಿ ಹಾಕುವ ಒಳಲೆಯಲ್ಲಿ ಅದನ್ನು ಹಿಡಿದು ನಡುಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ನಿಂತೆ.

“ಏನದು?” ಎಂದರು.

“ಬಜೆ. ಅಜ್ಜಿ ಕಳಿಸಿದ್ದು” ಎಂದೆ, ಹಿತ್ತಲಿಗೆ ಕೇಳುವಷ್ಟು ಗಟ್ಟಿಯಾಗಿ.

ಹಿತ್ತಲಿಂದ ಅಜ್ಜಿಯ ದನಿ ಬಂತು. “ಆ ಮುಂಡೇದ್ಕೆ ಬಾಯೇ ನಿಲ್ಲಕಿಲ್ಲ!”

ಚಿಕ್ಕಮ್ಮ ನನ್ನನ್ನೂ ಒಳಲೆಯನ್ನೂ ಒಂದು ಕ್ಷಣ ನೋಡಿದರು. ಆಮೇಲೆ ಅವ್ವನ ಕೈಯಿಂದ ಮಗುವನ್ನು ತೆಗೆದುಕೊಂಡು, ಒಳಲೆಯನ್ನೂ ಹಿಡಿದು, ಅಡುಗೆಮನೆ ದಾಟಿ ನೇರ ಹಿತ್ತಲಿಗೆ ಹೋದರು. ನಾವೆಲ್ಲ ಹಿಂದೆ ಹೋಗಿ ಬಾಗಿಲಲ್ಲೇ ನಿಂತೆವು. ಅವರು ಏನೂ ಕೇಳದೆ ಮಗುವನ್ನು ಅಜ್ಜಿಯ ಮಡಿಲಲ್ಲಿ ಇಟ್ಟುಬಿಟ್ಟರು. “ನನಗೆ ಹಾಕೋಕೆ ಬರಲ್ಲ. ನೀವೇ ಹಾಕಿ.” ಅಜ್ಜಿಯ ಎರಡು ಕೈಗಳೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು, ಮಗುವನ್ನು ಮುಟ್ಟದೆ. ಮಗು ಜಾರಿತು. ಕೈಗಳು ತಾವಾಗಿಯೇ ಹಿಡಿದುಕೊಂಡವು. ಅಜ್ಜಿ ಕಾಲು ನೀಡಿ ಅದನ್ನು ಮಲಗಿಸಿಕೊಂಡು, ಬೆರಳಿನ ತುದಿಯಲ್ಲಿ ಬಜೆ ಅದ್ದಿ ನಾಲಿಗೆಗೆ ನೆಕ್ಕಿಸಿದಳು. ಖಾರಕ್ಕೆ ಮಗುವಿನ ಮುಖ ಕಿವುಚಿಹೋಯಿತು. ಒಂದು ಕ್ಷಣ ಉಸಿರೇ ಇಲ್ಲ, ಆಮೇಲೆ ಬೀದಿಯೆಲ್ಲ ಕೇಳುವಂಥ ಕಿರುಚಾಟ.

ಮುಂಬಾಗಿಲ ಕಡೆಯಿಂದ ದಡದಡ ಓಡಿಬರುವ ಸದ್ದು. ಚಿಕ್ಕಪ್ಪ ಹೊಸಿಲು, ನಡುಮನೆ, ಅಡುಗೆಮನೆ ಎಲ್ಲವನ್ನೂ ದಾಟಿ, ನಮ್ಮನ್ನು ತಳ್ಳಿಕೊಂಡು ಹಿತ್ತಲಿಗೆ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಮಗುವಿನ ಎದೆ ಸವರುತ್ತಲೇ ತಲೆ ಎತ್ತಿ ಮಗನನ್ನು ನೋಡಿದಳು. ಆಮೇಲೆ ಅವನ ಕಾಲು ನೋಡಿದಳು.

“ಚಪ್ಲಿ ಬುಟ್ಟು ಒಳಕ್ ಬರಕಾಗಕಿಲ್ವೇನ್ಲಾ?” ಎಂದಳು.

ಒಂದು ವರ್ಷದ ಮೇಲೆ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಚಿಕ್ಕಪ್ಪ ಅಲ್ಲೇ ಬಗ್ಗಿ, ಎರಡೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದ.